ಗಾಡಿ ಎಲ್ಲಿ ಹಚ್ಚೋದು? ಕಾಲೇಜಿನಲ್ಲಿ ಕಟ್ಟಡ ಏಳುವಾಗ ಕೇಳಲೇಬೇಕಾದ ಲೆಕ್ಕ

ಕಾಲೇಜಿಗೆ ಹೊಸ ಕಟ್ಟಡ ಬರುತ್ತದೆ ಎಂದರೆ ಊರಿಗೆಲ್ಲ ಖುಷಿ. ಗುದ್ದಲಿ ಪೂಜೆ ಆಗುತ್ತದೆ, ಮರುದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ಸ್ವಲ್ಪ ದಿನಕ್ಕೆ ಆವರಣದ ಒಂದು ಮೂಲೆಗೆ ತಗಡಿನ ಬೇಲಿ ಬೀಳುತ್ತದೆ. ಎಷ್ಟೋ ಸಲ ಆ ಮೂಲೆ, ಹುಡುಗರು ಬೈಕ್ ನಿಲ್ಲಿಸುತ್ತಿದ್ದ ಮೂಲೆಯೇ ಆಗಿರುತ್ತದೆ. ಅಲ್ಲಿಂದ ಮುಂದೆ ಗೇಟಿನ ಹತ್ತಿರ ದಿನಾ ಒಂದೇ ಮಾತು: ‘ಗಾಡಿ ಎಲ್ಲಿ ಹಚ್ಚೋದ್ರೀ?’

ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ಕಟ್ಟಡ ಬೇಕೋ ಪಾರ್ಕಿಂಗ್ ಬೇಕೋ ಎಂದು ಕೇಳಿದರೆ ಯಾರಾದರೂ ಕಟ್ಟಡವೇ ಬೇಕು ಅನ್ನುತ್ತಾರೆ. ಆದರೆ ಇಲ್ಲಿ ಎರಡರಲ್ಲಿ ಒಂದನ್ನು ಆರಿಸುವ ಪ್ರಮೇಯವೇ ಇಲ್ಲ. ಒಂದೆರಡು ವರ್ಷ ನಡೆಯುವ ಕೆಲಸದ ತೊಂದರೆಯನ್ನು ಯಾರು ಎಷ್ಟು ಹೊರಬೇಕು ಅನ್ನುವುದಷ್ಟೇ ವಿಷಯ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ಆ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂದು ಬಿಡಿಸಿ ನೋಡೋಣ.

ಬಸ್ಸಿದೆಯಲ್ಲ, ಬೈಕ್ ಯಾಕೆ?

ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಆಮೇಲೆ ಬಂದ ದೊಡ್ಡ ಸಂಸ್ಥೆಗಳಲ್ಲಿ ಹಲವು ಊರಿನ ಅಂಚಿಗೆ ಹೋದವು. ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ದೇವಗಿರಿಯಲ್ಲಿ, ವಿಶ್ವವಿದ್ಯಾಲಯ ಕೆರಿಮತ್ತಿಹಳ್ಳಿಯಲ್ಲಿ, ಮೆಡಿಕಲ್ ಕಾಲೇಜು ನೆಲೋಗಲ್ ಹತ್ತಿರ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಡೆದು ತಲುಪುವ ದೂರಗಳಲ್ಲ ಇವು. ಹಳೆಯ ಕಾಲೇಜುಗಳದು ಬೇರೆ ಕಥೆ. ಅವು ಊರೊಳಗೇ ಇವೆ, ಆದರೆ ಆವರಣ ಇಕ್ಕಟ್ಟು. ಅಂದರೆ ಜಾಗ ಇರುವ ಕಡೆ ಬೈಕ್ ಇಲ್ಲದೆ ಹೋಗಲಾಗದು, ನಡೆದು ಹೋಗಬಹುದಾದ ಕಡೆ ಬೈಕ್ ನಿಲ್ಲಿಸಲು ಜಾಗ ಇಲ್ಲ.

ಓದುವ ಮಕ್ಕಳೆಲ್ಲ ಇದೇ ಊರಿನವರೂ ಅಲ್ಲ. ಗುತ್ತಲ, ಕರ್ಜಗಿ, ಅಗಡಿ ಕಡೆಯವರು ಹಾವೇರಿಗೆ ಬರುತ್ತಾರೆ. ಹಲಗೇರಿ, ಮೇಡ್ಲೇರಿ ಕಡೆಯವರು ರಾಣೆಬೆನ್ನೂರಿಗೆ, ಕಾಗಿನೆಲೆ, ಶಿಡೇನೂರು ಕಡೆಯವರು ಬ್ಯಾಡಗಿಗೆ. ಹೆದ್ದಾರಿ 48ರ ಮೇಲೆ ಬಸ್ಸಿಗೆ ಬರವಿಲ್ಲ. ಹೆದ್ದಾರಿ ಬಿಟ್ಟು ಒಳಗೆ ಹೋದಂತೆ ಬಸ್ಸು ಕಡಿಮೆಯಾಗುತ್ತವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹುಡುಗಿಯರಿಗೆ ಬಸ್ ಚಾರ್ಜ್ ಉಳಿಯಿತು, ಅದು ನಿಜವಾದ ಲಾಭ. ಆದರೆ ಪ್ರಾಕ್ಟಿಕಲ್ ಮುಗಿದು ಸಂಜೆಯಾದ ಮೇಲೆ ಊರಿನ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ ಇದ್ದೂ ಪ್ರಯೋಜನವಿಲ್ಲ. ಅಪ್ಪನ ಹಳೆ ಬೈಕೋ ಅಕ್ಕನ ಸ್ಕೂಟಿಯೋ ಕಾಲೇಜಿನ ದಾರಿ ಹಿಡಿಯುವುದು ಹೀಗೆ. ಅದು ಶೋಕಿಯಲ್ಲ.

ಇನ್ನೊಂದು ಮಾತು ಹಾಜರಾತಿಯದು. ಪರೀಕ್ಷೆಗೆ ಕೂರಬೇಕಾದರೆ ಶೇಕಡಾ 75 ಹಾಜರಾತಿ ಬೇಕು. ಗಾಡಿ ಹಚ್ಚುವ ಜಾಗ ಹುಡುಕುತ್ತ ಕಾಲು ತಾಸು ಕಳೆದರೆ ಮೊದಲ ಪೀರಿಯಡ್ ಹೋಯಿತು. ದಿನಾ ಇದೇ ಆದರೆ ಸೆಮಿಸ್ಟರ್ ಕೊನೆಗೆ ಪ್ರವೇಶ ಪತ್ರಕ್ಕೇ ಕುತ್ತು.

ಜಾಗ ಹೋಗುವುದು ಹೇಗೆ?

ಕಟ್ಟಡದ ಅಡಿಪಾಯ ಹಿಡಿಯುವಷ್ಟೇ ಜಾಗ ಹೋಗುತ್ತದೆ ಅಂದುಕೊಂಡರೆ ತಪ್ಪು. ಜಲ್ಲಿ, ಎಂ-ಸ್ಯಾಂಡ್ ಸುರಿಯಬೇಕು. ಕಂಬಿ ಕತ್ತರಿಸಿ ಬಗ್ಗಿಸಬೇಕು. ಸೆಂಟ್ರಿಂಗ್ ಶೀಟು, ಗೂಟ ಪೇರಿಸಬೇಕು. ಸಿಮೆಂಟಿಗೆ ಶೆಡ್ ಬೇಕು, ಕೆಲಸಗಾರರು ಉಳಿಯಲು ಜಾಗ ಬೇಕು, ಟಿಪ್ಪರ್ ತಿರುಗಲು ಅವಕಾಶ ಬೇಕು. ಕಟ್ಟಡದಷ್ಟೇ ದೊಡ್ಡ ಜಾಗ ಅದರ ಸುತ್ತ ಬೇಕಾಗಬಹುದು. ಖಾಲಿ ಕಂಡ ನೆಲ ಪಾರ್ಕಿಂಗಿನದಾದರೆ ಮೊದಲು ಹೋಗುವುದು ಅದೇ.

ಇಲ್ಲಿ ನಿಜವಾದ ಗಂಟು ಎಸ್ಟಿಮೇಟಿನಲ್ಲಿದೆ. ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಅಗೆತ, ಕಾಂಕ್ರೀಟು, ಗೋಡೆ, ಪ್ಲಾಸ್ಟರು, ಬಣ್ಣ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಕೆಲಸ ಮುಗಿಯುವವರೆಗೆ ತಾತ್ಕಾಲಿಕ ಪಾರ್ಕಿಂಗ್ ಮಾಡಿಕೊಡುವುದಕ್ಕೆ ಸಾಲು ಇಲ್ಲದಿದ್ದರೆ ಆ ದುಡ್ಡು ಯಾರದೂ ಅಲ್ಲ. ಗುತ್ತಿಗೆದಾರ ತನ್ನ ಕೆಲಸ ಅಲ್ಲ ಅನ್ನುತ್ತಾನೆ. ಪ್ರಾಚಾರ್ಯರ ಕೈಯಲ್ಲಿ ಅನುದಾನ ಇರುವುದಿಲ್ಲ. ಎಂಜಿನಿಯರು ಎಸ್ಟಿಮೇಟ್ ತೋರಿಸುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ, ಆದರೆ ಗಾಡಿ ಮಾತ್ರ ರಸ್ತೆಗೆ ಬಂದಿರುತ್ತದೆ.

ಒಂದು ಕಾರು, ಆರು ಬೈಕು

ಒಂದು ಕಾರು ನಿಲ್ಲಲು ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಹಿಡಿಯುತ್ತಾರೆ. ಅಂದರೆ 12.5 ಚದರ ಮೀಟರ್. ಒಂದು ಬೈಕಿಗೆ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ ಧಾರಾಳ, ಅಂದರೆ 2 ಚದರ ಮೀಟರ್. ಒಂದು ಕಾರಿನ ಜಾಗದಲ್ಲಿ ಆರು ಬೈಕು ನಿಲ್ಲುತ್ತವೆ. ಹತ್ತು ಕಾರುಗಳು ಬೇರೆ ಕಡೆ ಹೋದರೆ ಅರವತ್ತು ಬೈಕಿಗೆ ಜಾಗ. ಓಡಾಡುವ ದಾರಿ ಬಿಟ್ಟರೂ ನಲವತ್ತಕ್ಕೆ ಮೋಸವಿಲ್ಲ.

ಹಾಗಾಗಿ ಜಾಗ ಕಡಿಮೆಯಾದಾಗ ಮೊದಲು ಹೊರಗೆ ಹೋಗಬೇಕಾದದ್ದು ಯಾವುದು? ಸಿಬ್ಬಂದಿಯ ಕಾರು ನೆರಳಲ್ಲಿ, ವಿದ್ಯಾರ್ಥಿಯ ಬೈಕು ಗಟಾರದ ಅಂಚಿನಲ್ಲಿ ಎಂಬುದು ನಮ್ಮಲ್ಲಿ ಯಾರೂ ಕೇಳದೆ ನಡೆದುಬಂದ ಪದ್ಧತಿ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಅಂಗವಿಕಲರ ವಾಹನಕ್ಕೆ ಮಾತ್ರ ಬಾಗಿಲ ಹತ್ತಿರದ ಜಾಗ ತಪ್ಪಬಾರದು, ಅದು 2016ರ ಹಕ್ಕುಗಳ ಕಾಯ್ದೆಯ ಆಶಯ. ಉಳಿದ ಕಾರುಗಳು ಒಂದೆರಡು ವರ್ಷ ಹತ್ತಿರದ ಯಾವುದಾದರೂ ಖಾಲಿ ಜಾಗಕ್ಕೆ ಹೋದರೆ ಆಕಾಶವೇನೂ ಬೀಳದು. ಸುಣ್ಣದ ಗೆರೆ ಎಳೆದು ಸಾಲಾಗಿ ನಿಲ್ಲಿಸಿದರೂ ಅಡ್ಡಾದಿಡ್ಡಿ ನಿಂತಾಗಿಗಿಂತ ಹೆಚ್ಚು ಗಾಡಿ ಹಿಡಿಯುತ್ತವೆ. ಇದಕ್ಕೆ ಬೇಕಾದದ್ದು ಒಂದು ಚೀಲ ಸುಣ್ಣ, ಒಬ್ಬ ಕಾವಲುಗಾರ.

ರಸ್ತೆಗೆ ಬಂದರೆ ಏನಾಗುತ್ತದೆ?

ಬ್ಯಾಡಗಿಯನ್ನೇ ನೋಡಿ. ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ, ಗುರುವಾರ. ಸುಗ್ಗಿಯ ತಿಂಗಳುಗಳಲ್ಲಿ ಆ ದಿನ ಚೀಲ ತುಂಬಿದ ಲಾರಿ, ಟ್ರ್ಯಾಕ್ಟರ್, ಟಂಟಂಗಳಿಂದ ಊರಿನ ರಸ್ತೆಗಳು ತುಂಬಿರುತ್ತವೆ. ಅದರ ನಡುವೆ ಕಾಲೇಜಿನ ಬೈಕುಗಳೂ ರಸ್ತೆ ಬದಿಗೆ ಬಂದರೆ ನಡೆಯುವವರಿಗೆ ಜಾಗವೇ ಇಲ್ಲ. ಹಾವೇರಿ, ರಾಣೆಬೆನ್ನೂರಿನ ಹಳೇ ಪಿ.ಬಿ. ರಸ್ತೆಯ ಅಂಚಿನಲ್ಲಿ ಸಾಲಾಗಿ ಗಾಡಿ ನಿಂತರೂ ಅಪಾಯ ಕಡಿಮೆಯಲ್ಲ. ಇತರರಿಗೆ ಅಪಾಯ ಅಥವಾ ಅಡ್ಡಿ ಆಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಬಿಡುವುದು ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನ ಪ್ರಕಾರ ತಪ್ಪು. ಜಾಗ ಕಿತ್ತುಕೊಂಡದ್ದು ಕಾಮಗಾರಿ, ದಂಡ ಕಟ್ಟುವುದು ವಿದ್ಯಾರ್ಥಿ.

‘ಸಂಸ್ಥೆ ಜವಾಬ್ದಾರಿಯಲ್ಲ’ ಎಂಬ ಬೋರ್ಡು

ವಾಹನಗಳಿಗೆ ಮಾಲೀಕರೇ ಹೊಣೆ ಎಂಬ ಬೋರ್ಡು ಎಲ್ಲ ಕಡೆ ಕಾಣುತ್ತದೆ. ಅದಕ್ಕೆ ಬೆಲೆ ಎಷ್ಟು? 2019ರ ನವೆಂಬರಿನಲ್ಲಿ ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟ ಮಾಡಿತು: ಗಿರಾಕಿಯ ಕೀಲಿ ಪಡೆದು ಹೋಟೆಲಿನವರೇ ಕಾರು ನಿಲ್ಲಿಸಿದ ಮೇಲೆ, ತಮ್ಮ ಕಡೆಯ ನಿರ್ಲಕ್ಷ್ಯಕ್ಕೆ ಬೋರ್ಡಿನ ಹಿಂದೆ ಅಡಗಲಾಗದು. ಆದರೆ ಕಾಲೇಜಿನಲ್ಲಿ ಕೀಲಿ ನಿಮ್ಮ ಜೇಬಿನಲ್ಲೇ ಇರುತ್ತದೆ, ಫೀ ಕೊಟ್ಟಿರುವುದಿಲ್ಲ. ಹಾಗಾಗಿ ಈ ತೀರ್ಪು ನೇರವಾಗಿ ನಿಮ್ಮ ಕೈ ಹಿಡಿಯುವುದಿಲ್ಲ. ಟೋಕನ್ ಕೊಟ್ಟು, ದುಡ್ಡು ತೆಗೆದುಕೊಂಡು, ಕಾವಲು ಇಟ್ಟರೆ ಮಾತು ಗಟ್ಟಿಯಾಗುತ್ತದೆ.

ವಿಮೆಯದೂ ಒಂದು ವಿಷಯ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಬಹಳ ಮಂದಿ ಇದನ್ನೇ ಪೂರ್ತಿ ವಿಮೆ ಅಂದುಕೊಂಡಿರುತ್ತಾರೆ. ಥರ್ಡ್ ಪಾರ್ಟಿಯಲ್ಲಿ ನಿಮ್ಮ ಗಾಡಿ ಕಳುವಾದರೆ, ಅದರ ಮೇಲೆ ಸೆಂಟ್ರಿಂಗ್ ಶೀಟು ಬಿದ್ದರೆ, ಒಂದು ರೂಪಾಯಿಯೂ ಬರುವುದಿಲ್ಲ. ಅದಕ್ಕೆ ಸ್ವಂತ ಹಾನಿಯ ವಿಮೆ ಬೇರೆ ಇರಬೇಕು. ಗಾಡಿಯನ್ನು ರಸ್ತೆಯಲ್ಲಿ ಬಿಡುವ ಮೊದಲು ಪಾಲಿಸಿ ತೆಗೆದು ನೋಡಿ.

ಪಿಯು ಹುಡುಗರ ಮಾತು ಬೇರೆ

ಡಿಗ್ರಿಯ ಜೊತೆಗೇ ಪಿಯು ಇರುವ ಆವರಣಗಳಲ್ಲಿ ಒಂದು ಕಹಿ ಸತ್ಯ ಹೇಳಲೇಬೇಕು. 18 ತುಂಬದವರಿಗೆ ಸಾಮಾನ್ಯ ಬೈಕ್ ಓಡಿಸುವ ಲೈಸೆನ್ಸ್ ಇಲ್ಲ. ಅವರು ಓಡಿಸಿ ಅಪರಾಧ ಆದರೆ 199ಎ ಕಲಮಿನಡಿ ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಅವರಿಗಾಗಿ ಪಾರ್ಕಿಂಗ್ ಕೇಳುವುದಕ್ಕಿಂತ ಬಸ್ಸಿನ ಸಮಯ ಬದಲಿಸಿ ಎಂದು ವಾಯವ್ಯ ಸಾರಿಗೆಯ ಡಿಪೊಗೆ ಅರ್ಜಿ ಕೊಡುವುದು ಸರಿಯಾದ ದಾರಿ. ಆ ಬೇಡಿಕೆಗೆ ಕಾಲೇಜಿನ ಪತ್ರವೂ ಜೊತೆಗಿರಲಿ.

ಕೇಳುವುದು ಯಾರನ್ನ?

ಗೇಟಿನಲ್ಲಿ ಕಾವಲುಗಾರನ ಜೊತೆ ಜಗಳ ಮಾಡಿ ಉಪಯೋಗವಿಲ್ಲ, ಅವನ ಕೈಯಲ್ಲಿ ಏನೂ ಇಲ್ಲ. ಡಿಗ್ರಿ ಮತ್ತು ಅದಕ್ಕಿಂತ ಮೇಲಿನ ಕಾಲೇಜುಗಳಲ್ಲಿ ಯುಜಿಸಿಯ 2023ರ ನಿಯಮದಂತೆ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು. ಕೊಡುತ್ತೇವೆಂದ ಸೌಲಭ್ಯ ಕೊಡದಿರುವುದೂ ಆ ನಿಯಮದ ದೂರಿನ ಪಟ್ಟಿಯಲ್ಲಿದೆ. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಒಪ್ಪಿಗೆ ಆಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಹತ್ತಿರ ಮೇಲ್ಮನವಿ ಇದೆ. ಪ್ರಾಸ್ಪೆಕ್ಟಸ್ಸಿನಲ್ಲಿ ‘ವಾಹನ ನಿಲುಗಡೆ ವ್ಯವಸ್ಥೆ’ ಎಂದು ಬರೆದಿದ್ದರೆ ಆ ಪುಟದ ಪ್ರತಿ ಲಗತ್ತಿಸಿ.

ಸರ್ಕಾರಿ ಕಾಲೇಜಾದರೆ ಮಾಹಿತಿ ಹಕ್ಕಿನ ದಾರಿಯೂ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಕೇಳಬೇಕಾದದ್ದು ಮೂರೇ: ಕೆಲಸ ಮುಗಿಯಬೇಕಾದ ದಿನಾಂಕ, ಗುತ್ತಿಗೆದಾರನಿಗೆ ಬಿಟ್ಟುಕೊಟ್ಟ ಜಾಗದ ನಕ್ಷೆ, ಎಸ್ಟಿಮೇಟಿನಲ್ಲಿ ತಾತ್ಕಾಲಿಕ ವ್ಯವಸ್ಥೆಗೆ ಇಟ್ಟ ಹಣ. ನಕ್ಷೆ ಕೈಗೆ ಬಂದರೆ ಬೇಲಿ ಎಲ್ಲಿರಬೇಕಿತ್ತು, ಎಲ್ಲಿದೆ ಎಂಬುದು ಗೊತ್ತಾಗುತ್ತದೆ.

ಬೇಡಿಕೆಯೂ ಸಣ್ಣದಾಗಿರಲಿ. ಕಾರುಗಳು ಹೊರಗೆ, ಬೈಕುಗಳು ಒಳಗೆ. ಜಲ್ಲಿ, ಮರಳು ತರಗತಿ ಶುರುವಾಗುವ ಮೊದಲೇ ಇಳಿಯಲಿ. ಬೇಲಿಯಿಂದ ದೂರ, ಗೆರೆ ಎಳೆದ ಜಾಗ ಇರಲಿ. ಪರೀಕ್ಷೆಯ ದಿನ ಹೊರಗಿನ ಕೇಂದ್ರದಿಂದ ಬರುವವರಿಗೂ ಮೊದಲೇ ನೋಟಿಸ್ ಹಾಕಲಿ. ಇದರಲ್ಲಿ ಯಾವುದಕ್ಕೂ ಹೊಸ ಅನುದಾನ ಬೇಡ.

ಕಟ್ಟಡ ಮುಗಿಯುವ ಹೊತ್ತಿಗೆ ಇಂದು ಗಾಡಿ ಹಚ್ಚಲು ಪರದಾಡುತ್ತಿರುವ ಬ್ಯಾಚು ಓದು ಮುಗಿಸಿ ಹೋಗಿರುತ್ತದೆ. ಹೊಸ ಕೋಣೆಯಲ್ಲಿ ಕೂರುವವರು ಬೇರೆಯವರು. ತೊಂದರೆ ಉಂಡವರಿಗೆ ಲಾಭ ಸಿಗದ ಕೆಲಸ ಇದು. ಅದಕ್ಕೇ ಈಗ ಇರುವವರ ಮಾತು ಈಗಲೇ ಕೇಳಬೇಕು, ರಿಬ್ಬನ್ ಕತ್ತರಿಸಿದ ಮೇಲಲ್ಲ.