ಮಕ್ಕಳ ಕೈಯಲ್ಲಿ ಸಾಬೂನಿನ ಹತ್ತಿಕಾಯಿ

ಡಿಸೆಂಬರ್ ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಗೋದಲಿ ಕಟ್ಟುವ ಸಂಭ್ರಮ. ಅದರ ಮೇಲೆ ಹಿಮದಂತೆ ಹತ್ತಿ ಹರಡುತ್ತೇವೆ. ನಾವು ಹಿಮ ಕಂಡವರಲ್ಲ, ಹತ್ತಿ ಗಿಡವನ್ನೂ ಹೆಚ್ಚಿನ ಮಕ್ಕಳು ಕಂಡಿಲ್ಲ. ಆದರೆ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಯರಗುಪ್ಪಿಯಂತಹ ಊರುಗಳಲ್ಲಿ ಚಳಿಗಾಲವೆಂದರೆ ಯರೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ, ಜೊತೆಗೆ ಹತ್ತಿ ಬಿಡಿಸುವ ಕೆಲಸ. ಅಲ್ಲಿನ ಬಿಳುಪು ಹಿಮದ್ದಲ್ಲ, ಒಡೆದ ಹತ್ತಿಕಾಯಿಯದು. ಆದ್ದರಿಂದ ಈ ಬಾರಿ ರಜೆಯಲ್ಲಿ ಮಕ್ಕಳೊಂದಿಗೆ ಸಾಬೂನಿನ ಹಿಮದುಂಡೆ ಮಾಡುವ ಬದಲು ಸಾಬೂನಿನ ಹತ್ತಿಕಾಯಿ ಮಾಡಿದರೆ ಹೇಗೆ?

ಮೊದಲು ಒಂದು ಎಚ್ಚರಿಕೆ

ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದಾಗ ಸಾಬೂನು ಆಗುತ್ತದೆ. ಕಾಸ್ಟಿಕ್ ಸೋಡಾ ನೀರಿಗೆ ಬಿದ್ದೊಡನೆ ಬಿಸಿಯೇರುತ್ತದೆ, ಚರ್ಮವನ್ನು ಸುಡುತ್ತದೆ, ಕಣ್ಣಿಗೆ ತಗುಲಿದರೆ ದೃಷ್ಟಿಯೇ ಹೋಗಬಹುದು. ಆದುದರಿಂದ ಮಕ್ಕಳಿರುವಲ್ಲಿ ಅದನ್ನು ತೆರೆಯಲೇಬೇಡಿ. ಸಿದ್ಧ ಸಾಬೂನಿನಲ್ಲಿ ಆ ಸೋಡಾ ಎಣ್ಣೆಯೊಡನೆ ಕೂಡಿ ಮುಗಿದಿರುತ್ತದೆ. ನಾವು ಅದಕ್ಕೆ ಹೊಸ ರೂಪ ಕೊಡುತ್ತೇವೆ, ಅಷ್ಟೇ.

ಬೇಕಾಗುವ ವಸ್ತುಗಳು

ಬಿಳಿ ಬಣ್ಣದ, ಹೆಚ್ಚು ಪರಿಮಳವಿಲ್ಲದ 100 ಗ್ರಾಂ ಸ್ನಾನದ ಸಾಬೂನು, ಎರಡು ಮೂರು ಚಹಾ ಚಮಚ ಬೆಚ್ಚಗಿನ ನೀರು, ತುರಿಮಣೆ, ಅಗಲ ಪಾತ್ರೆ, ಹಳೆಯ ಪತ್ರಿಕೆ. ಮನೆಯಲ್ಲಿ ಸವೆದು ಉಳಿದ ಸಾಬೂನಿನ ಚೂರುಗಳಿದ್ದರೆ ಅವೂ ಆಗುತ್ತವೆ. ಆದರೆ ಅಂತಹ ಚೂರುಗಳಿಂದ ಮಾಡಿದ್ದನ್ನು ಮನೆಯವರೇ ಬಳಸಲಿ, ಉಡುಗೊರೆಗೆ ಹೊಸ ಸಾಬೂನೇ ಇರಲಿ.

ಮಾಡುವ ಕ್ರಮ

1. ಹಿರಿಯರು ಸಾಬೂನನ್ನು ತುರಿದು ಕೊಡಲಿ. ಪುಡಿ ಮೂಗಿಗೆ ಹೋದರೆ ಸೀನು ಬರುತ್ತದೆ, ನಿಧಾನವಾಗಿ ತುರಿಯಿರಿ.

2. ನೀರನ್ನು ಚಮಚ ಚಮಚವಾಗಿ ಹಾಕಿ ಮಕ್ಕಳು ನಾದಲಿ. ಜೋಳದ ರೊಟ್ಟಿಯ ಹಿಟ್ಟಿನ ಹದ ಬಂದರೆ ಸಾಕು. ನೀರು ಹೆಚ್ಚಾದರೆ ಅಂಟಾಗುತ್ತದೆ, ಆಗ ಸ್ವಲ್ಪ ಒಣ ತುರಿ ಸೇರಿಸಿ.

3. ಹಿಟ್ಟನ್ನು ನಾಲ್ಕು ಭಾಗ ಮಾಡಿ. ಪ್ರತಿ ಭಾಗದಿಂದ ನಾಲ್ಕು ಪುಟ್ಟ ಉಂಡೆಗಳನ್ನು ಕಟ್ಟಿ, ಒಂದಕ್ಕೊಂದು ತಾಗಿಸಿ ಒತ್ತಿ. ಬಿರಿದ ಹತ್ತಿಕಾಯಿಯ ಎಸಳುಗಳಂತೆ ಕಾಣುತ್ತದೆ.

4. ಪತ್ರಿಕೆಯ ಮೇಲೆ ನೆರಳಿನಲ್ಲಿ ಒಣಗಲು ಬಿಡಿ. ಧಾರವಾಡದ ಒಣ ಚಳಿಯಲ್ಲಿ ಎರಡು ಮೂರು ದಿನ ಸಾಕು. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಇನ್ನೂ ಕೆಲವು ದಿನ ಕಾಯಬೇಕು. ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ.

ಒಣಗಿದ ಮೇಲೆ ಇದು ಪೇಡೆಯಂತೆಯೇ ಕಾಣುತ್ತದೆ! ಧಾರವಾಡದ ಮಕ್ಕಳಿಗಂತೂ ಮೋಸಹೋಗಲು ಇಷ್ಟು ಸಾಕು. ಆದ್ದರಿಂದ ತಿಂಡಿಯ ಡಬ್ಬಿಯಲ್ಲಿ ಇಡಬೇಡಿ, ಪುಟ್ಟ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಪೊಟ್ಟಣದ ಮೇಲೆ 'ಸಾಬೂನು' ಎಂದು ದೊಡ್ಡದಾಗಿ ಬರೆಯಿರಿ.

ಕೈ ಕೆಲಸದೊಂದಿಗೆ ಎರಡು ಮಾತು

ಮಕ್ಕಳು ನಾದುತ್ತಿರುವಾಗ ಸಾಬೂನಿನ ಕಥೆ ಹೇಳಬಹುದು. ನಮ್ಮ ಅಜ್ಜಿಯರ ಕಾಲದಲ್ಲಿ ಕಡಲೆಹಿಟ್ಟು, ಸೀಗೆಕಾಯಿ, ಅಂಟುವಾಳಗಳೇ ಸಾಬೂನು. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ ವಿಶ್ವೇಶ್ವರಯ್ಯನವರು ಅದರ ಎಣ್ಣೆಯನ್ನು ಇಲ್ಲಿಯೇ ಬಳಸುವ ದಾರಿ ಹುಡುಕಿದರು. ಹೀಗೆ ಹುಟ್ಟಿದ್ದೇ ಮೈಸೂರು ಸ್ಯಾಂಡಲ್ ಸೋಪು.

ಸಾಬೂನು ಕೆಲಸ ಮಾಡುವ ಬಗೆಯೂ ಸರಳ. ಅದರ ಕಣದ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಜಿಡ್ಡಿನೊಂದಿಗೆ ಕೊಳೆಯೂ ರೋಗಾಣುವೂ ಹರಿದುಹೋಗುತ್ತವೆ. ಕೊರೊನಾ ವೈರಸ್ಸಿನ ಹೊರಕವಚವೂ ಜಿಡ್ಡಿನದೇ. 2020ರಲ್ಲಿ ಎಲ್ಲರೂ ಕೈ ತೊಳೆಯಿರಿ ಎಂದು ಹೇಳಿದ್ದರ ಒಂದು ಕಾರಣ ಇದು. ಅಂದಿನ ಅಭ್ಯಾಸ ಇಂದು ಎಷ್ಟು ಮನೆಗಳಲ್ಲಿ ಉಳಿದಿದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಚಳಿಗಾಲದಲ್ಲಿ ಮಕ್ಕಳು ತಣ್ಣೀರಿಗೆ ಹೆದರಿ ಬೆರಳ ತುದಿಯನ್ನಷ್ಟೇ ನೆನೆಸಿ ಊಟಕ್ಕೆ ಕೂರುತ್ತಾರೆ. ಕೈ ಶುದ್ಧವಾಗಲು ಬಿಸಿನೀರೇ ಬೇಕೆಂದಿಲ್ಲ. ತಣ್ಣೀರಾದರೂ ಸರಿ, ಸಾಬೂನು ಹಚ್ಚಿ 20 ಸೆಕೆಂಡು ಉಜ್ಜಬೇಕು. ಶೌಚದ ನಂತರ, ಊಟಕ್ಕೆ ಮುಂಚೆ ತಪ್ಪದೇ ತೊಳೆಯಬೇಕು. ಬಳಿಕ ಕೈ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಚರ್ಮ ಒಡೆಯುವುದು ಕಡಿಮೆಯಾಗುತ್ತದೆ.

ತಾನೇ ಮಾಡಿದ ಸಾಬೂನನ್ನು ಬಳಸಲು ಮಗುವಿಗೆ ಯಾರೂ ಹೇಳಬೇಕಾಗಿಲ್ಲ. ಧರ್ಮೋಪದೇಶದ ಶಿಕ್ಷಕರೂ ಮಹಿಳಾ ಸಂಘದವರೂ ರಜಾ ಶಿಬಿರದಲ್ಲಿ ಇದನ್ನು ಮಾಡಿಸಬಹುದು. ಮಾಡಿದ ನಾಲ್ಕರಲ್ಲಿ ಒಂದನ್ನಾದರೂ, ಮನೆಯಲ್ಲಿ ಸಾಬೂನು ಮಿತವಾಗಿ ಬಳಸಬೇಕಾದ ಗೆಳೆಯನಿಗೋ ಗೆಳತಿಗೋ ಮಕ್ಕಳು ಕೊಡಲಿ.