ಬೂದಿಗೊಂದು ನೆಲೆ

ರಾಯಚೂರು, ಬಳ್ಳಾರಿಗಳ ಸೀಮೆಗೆ ಬೂದಿ ಹೊಸದಲ್ಲ. ಕುಡತಿನಿಯ ಬೂದಿದಿಬ್ಬವನ್ನು ಕಂಡ ಜನ, ಭೀಮನು ಹಿಡಿಂಬಾಸುರನನ್ನು ಸುಟ್ಟ ಸ್ಥಳವಿದೆಂದು ಕತೆ ಕಟ್ಟಿದರು. ಪ್ರಾಕ್ತನ ಶೋಧಕರಾದರೋ, ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗೆ ಬೆಂಕಿಯಿಟ್ಟುದರಿಂದ ಆದ ದಿಬ್ಬಗಳಿವು ಎಂದು ತೋರಿಸಿಕೊಟ್ಟರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆ ಬೂದಿ ಬೆಂಕಿಯ ಕಾವಿಗೆ ಕರಗಿ ಕಿಟ್ಟಗಟ್ಟಿರುವುದರಿಂದ, ಜನ ಅಗೆದೊಯ್ದಷ್ಟನ್ನು ಬಿಟ್ಟರೆ, ಮಳೆಗಾಳಿಗಳಿಗೆ ಜಗ್ಗದೆ ನಿಂತಿದೆ. ರಾಯಚೂರಿನ ಹೊಸ ಬೂದಿಗೆ ಈ ಸ್ಥಿರತೆಯಿಲ್ಲ. ಅದು ಹಾರುತ್ತದೆ, ಹರಿಯುತ್ತದೆ.

ನಮ್ಮ ನಾಡು ವಿದ್ಯುತ್ತನ್ನು ಮೊದಲು ಪಡೆದುದು ನೀರಿನಿಂದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ತನ್ನ ಹಿಂದೆ ಒಂದು ಹಿಡಿ ಬೂದಿಯನ್ನೂ ಉಳಿಸಲಿಲ್ಲ. ಮುಂದೆ ಶರಾವತಿಯೂ ಹಾಗೆಯೇ ನಡೆಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕತ್ತಲೆ ಕವಿಯತೊಡಗಿದಾಗ ಕಲ್ಲಿದ್ದಲು ಅನಿವಾರ್ಯವಾಯಿತು. 1985ರಲ್ಲಿ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಕಾರ್ಯಾರಂಭ ಮಾಡಿತು. ಈಗ ಅಲ್ಲಿ ಎಂಟು ಘಟಕಗಳಿವೆ. ಸಾಮರ್ಥ್ಯ 1,720 ಮೆಗಾವಾಟ್. ರಾಯಚೂರು ನಗರಕ್ಕೆ ಇನ್ನೂ ಸಮೀಪದ ಯರಮರಸಿನಲ್ಲಿ 800 ಮೆಗಾವಾಟಿನ ಎರಡು ಘಟಕಗಳು ಎದ್ದಿವೆ.

ವಾಚಕರು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. 210 ಮೆಗಾವಾಟಿನ ಒಂದು ಘಟಕ ಪೂರ್ಣ ಸಾಮರ್ಥ್ಯದಿಂದ ನಡೆದರೆ ದಿನಕ್ಕೆ ಮೂರು ಸಾವಿರ ಟನ್ನಿಗೂ ಮಿಕ್ಕಿ ಕಲ್ಲಿದ್ದಲನ್ನು ನುಂಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಮೂರನೆಯ ಒಂದು ಪಾಲು ಬೂದಿಯೇ. ಎಂದರೆ ಒಂದೇ ಘಟಕದಿಂದ ದಿನವೊಂದಕ್ಕೆ ಸಾವಿರ ಟನ್ನು. ಹತ್ತು ಟನ್ನು ಹೊರುವ ಲಾರಿಗಳಾದರೆ ನೂರು! ದೀಪದ ಗುಂಡಿಯನ್ನು ಒತ್ತುವ ನಮಗೆ ಈ ನೂರು ಲಾರಿಗಳು ಕಾಣುವುದಿಲ್ಲ.

ಈ ಬೂದಿಯಲ್ಲಿ ಬಹುಪಾಲು ಗಾಳಿಯಲ್ಲಿ ತೇಲುವಷ್ಟು ನುಣುಪಾದುದು. ಇದೇ ಹಾರುಬೂದಿ. ವಿದ್ಯುದಾವೇಶವುಳ್ಳ ತಗಡುಗಳ ನಡುವೆ ಹೊಗೆಯನ್ನು ಹಾಯಿಸಿ ಇದನ್ನು ಹಿಡಿಯುತ್ತಾರೆ. ಹಿಡಿದ ಮೇಲೆ ಎರಡು ದಾರಿಗಳಿವೆ. ಒಣಗಿದಂತೆಯೇ ಮುಚ್ಚಿದ ಕಣಜಗಳಲ್ಲಿ ತುಂಬುವುದು ಒಂದು. ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಬೂದಿಹೊಂಡಕ್ಕೆ ಹರಿಸುವುದು ಇನ್ನೊಂದು. ಒಣಬೂದಿಗೆ ಬೆಲೆಯುಂಟು. ಸುಣ್ಣದೊಡನೆ, ನೀರಿನೊಡನೆ ಬೆರೆತು ಗಟ್ಟಿಯಾಗುವ ಗುಣ ಅದಕ್ಕಿದೆ. ರೋಮನರು ಜ್ವಾಲಾಮುಖಿಯ ಬೂದಿಯಿಂದ ಗಾರೆ ಮಾಡಿದುದು ಇದೇ ಗುಣದ ಬಲದಿಂದ. ಪೊಜೊಲಾನಾ ಸಿಮೆಂಟಿನಲ್ಲಿ ಶೇಕಡ 15ರಿಂದ 35ರವರೆಗೆ ಹಾರುಬೂದಿಯನ್ನು ಬೆರೆಸಲು ಅವಕಾಶವಿದೆ. ಅದೇ ಬೂದಿ ಹೊಂಡಕ್ಕೆ ಬಿದ್ದಿತೋ, ಕೊಳ್ಳುವವರು ವಿರಳ.

ಹೊಂಡದ ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಬೂದಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿಯಾದರೂ ಆರ್ಸೆನಿಕ್, ಸೀಸ, ಪಾದರಸಗಳಿರುತ್ತವೆ. ತಳಕ್ಕೆ ನೀರಿಳಿಯದ ಹಾಸು ಇಲ್ಲದಿದ್ದರೆ ಇವು ಮೆಲ್ಲಮೆಲ್ಲನೆ ಅಂತರ್ಜಲವನ್ನು ಸೇರಬಹುದು. ಕಟ್ಟೆ ಒಡೆದರೆ ಮೆಲ್ಲನೆ ಎಂಬ ಮಾತೇ ಇಲ್ಲ. 2008ರ ಡಿಸೆಂಬರ್ 22ರಂದು ಅಮೆರಿಕದ ಕಿಂಗ್‌ಸ್ಟನ್ನಿನಲ್ಲಿ ಬೂದಿಹೊಂಡ ಒಡೆದು ಸುಮಾರು 40 ಲಕ್ಷ ಘನಮೀಟರು ಕೆಸರು ನದಿಗೂ ಊರಿಗೂ ನುಗ್ಗಿತು. ಅದನ್ನು ಬಳಿಯಲು ಹೋದ ಕೂಲಿಕಾರರೇ ಮುಂದೆ ರೋಗಗ್ರಸ್ತರಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2020ರ ಏಪ್ರಿಲಿನಲ್ಲಿ ನಮ್ಮದೇ ದೇಶದ ಸಿಂಗ್ರೌಲಿಯಲ್ಲಿ ಇಂಥದೇ ಅನಾಹುತ ಹಲವರ ಪ್ರಾಣವನ್ನು ಕೊಂಡಿತು. ಶಕ್ತಿನಗರದ ಪಕ್ಕದಲ್ಲಿ ಹರಿಯುವ ಕೃಷ್ಣೆ ಮುಂದೆ ತೆಲಂಗಾಣದ ಜುರಾಲ ಜಲಾಶಯವನ್ನು ಸೇರುತ್ತಾಳೆ ಎಂಬುದನ್ನು ನೆನೆದರೆ, ಕಟ್ಟೆಗಳ ತಪಾಸಣೆ ಕೇವಲ ಕಾಗದದ ಕೆಲಸವಾಗಬಾರದೆಂಬುದು ಸ್ಪಷ್ಟ.

ಒಲೆಯ ಬೂದಿಯನ್ನು ತೆಗೆಯುವ ಹೆಂಗಸು ಮೊದಲು ನೀರು ಚಿಮುಕಿಸಿ ಆಮೇಲೆ ಮೊರಕ್ಕೆ ತುಂಬುತ್ತಾಳೆ. ಹೊಂಡದ ಬೂದಿಗೂ ಶಾಸ್ತ್ರ ಇದೇ: ಮೇಲ್ಮೈ ಒಣಗಗೊಡಬಾರದು, ತುಂಬಿದ ಹೊಂಡಕ್ಕೆ ಮಣ್ಣು ಹೊದಿಸಿ ಹುಲ್ಲು, ಗಿಡ ಬೆಳೆಸಬೇಕು. ಇಲ್ಲವಾದರೆ ಬಯಲುಸೀಮೆಯ ಆಷಾಢದ ಗಾಳಿ ಅದನ್ನು ಯಾರ ಹೊಲಕ್ಕೆ, ಯಾರ ಶ್ವಾಸಕೋಶಕ್ಕೆ ಒಯ್ಯುವುದೋ ಹೇಳಬರುವಂತಿಲ್ಲ. ಬೂದಿಯಲ್ಲಿ ಕೈಯಾಡಿಸುವ ಕೂಲಿಯಾಳಿನ ಮೂಗಿಗೆ ಸುತ್ತಿದ ಟವಲು ಈ ನುಣುಪು ಧೂಳನ್ನು ತಡೆಯಲಾರದು; ಅವನಿಗೆ ತಕ್ಕ ಮುಸುಕನ್ನು ಒದಗಿಸುವುದು ದಯೆಯಲ್ಲ, ಕರ್ತವ್ಯ.

ದೇವದುರ್ಗ, ಮಾನ್ವಿಗಳ ಮಾತು ಇಲ್ಲಿ ಬರುತ್ತದೆ. ಇಟ್ಟಿಗೆಗಾಗಿ ಹೊಲದ ಮೇಲ್ಮಣ್ಣು ನಾಶವಾಗದಿರಲೆಂದು ಕೇಂದ್ರ ಸರಕಾರ 1999ರಲ್ಲಿ ಒಂದು ಅಧಿಸೂಚನೆ ಹೊರಡಿಸಿತು: ಸ್ಥಾವರದ ಸುತ್ತ 50 ಕಿಲೋಮೀಟರಿನೊಳಗೆ ಇಟ್ಟಿಗೆಯಲ್ಲಿ ಬೂದಿ ಬೆರೆಯಬೇಕು. 2003ರಲ್ಲಿ ಈ ವರ್ತುಲ 100 ಕಿಲೋಮೀಟರಿಗೆ ಹಿಗ್ಗಿ ಈ ಎರಡು ಊರುಗಳೂ ನಿಸ್ಸಂಶಯವಾಗಿ ಅದರೊಳಗೆ ಬಂದವು. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಭತ್ತ ಬೆಳೆಯುವ ಮಾನ್ವಿಯ ರೈತನಿಗೆ ಮೇಲ್ಮಣ್ಣೇ ಬಂಡವಾಳ. ಒಂದಂಗುಲ ಮಣ್ಣು ಕೂಡಲು ಶತಮಾನಗಳು ಬೇಕು. ಹಾರುಬೂದಿಯ ಇಟ್ಟಿಗೆಗೆ ಭಟ್ಟಿಯೂ ಬೇಡ, ಸೌದೆಯೂ ಬೇಡ. ಒತ್ತಿ ಅಚ್ಚು ಹಾಕಿ, ಕೆಲವು ವಾರ ನೀರುಣಿಸಿದರೆ ಸಾಕು. ಆದರೂ ಬೂದುಬಣ್ಣದ ಇಟ್ಟಿಗೆಯನ್ನು ಕಂಡು ಮೂಗು ಮುರಿಯುವ ಗೃಹಸ್ಥರು ಕಡಿಮೆಯಿಲ್ಲ. ಕೆಂಪೇ ಇಟ್ಟಿಗೆಯ ಜಾತಿಯೆಂದು ಯಾರು ವಿಧಿಸಿದರೋ ತಿಳಿಯದು.

2021ರ ಡಿಸೆಂಬರ್ 31ರ ಅಧಿಸೂಚನೆ ಇನ್ನೂ ಕಠಿಣವಾದುದು. ಬೂದಿಯೆಲ್ಲವೂ ಬಳಕೆಯಾಗಬೇಕು, ಉಳಿದುದಕ್ಕೆ ಟನ್ನಿಗೆ 1,000 ರೂಪಾಯಿ ಪರಿಹಾರ ತೆರಬೇಕು. ಸ್ವಾಗತಾರ್ಹವೇ ಸರಿ. ಆದರೆ ತಗ್ಗು ನೆಲವನ್ನು ತುಂಬಿಸುವುದೂ ಬಳಕೆಯ ಪಟ್ಟಿಯಲ್ಲಿದೆ. ನಿಯಮದಂತೆ ತುಂಬಿ ಮಣ್ಣು ಮುಚ್ಚಿದರೆ ಚಿಂತೆಯಿಲ್ಲ. ಹಳ್ಳದ ಬದಿಯಲ್ಲಿ ಸುರಿದು ಹೋದರೆ ಹೊಂಡ ಜಾಗ ಬದಲಿಸಿತು, ಅಷ್ಟೇ. ಸ್ಥಾವರದ ಬಾಗಿಲಲ್ಲಿ ಲಾರಿಯನ್ನು ತೂಗಿ ಚೀಟಿ ಕೊಡುತ್ತಾರೆ. ಬೂದಿ ಯಾವ ಊರಿನ ಯಾವ ನೆಲದಲ್ಲಿ ಇಳಿಯಿತು, ಮೇಲೆ ಎಷ್ಟು ಮಣ್ಣು ಬಿದ್ದಿತು ಎಂಬುದನ್ನೂ ಆ ಚೀಟಿಯಲ್ಲಿಯೇ ಬರೆದು, ಆ ಊರಿನ ಪಂಚಾಯತಿಗೆ ಅದರ ಒಂದು ಪ್ರತಿಯನ್ನು ತಲುಪಿಸಬಾರದೇಕೆ?