ಗಾಡಿ ಮೈಕು ಕೂಗುವ ಬಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲಿಯೇ ಆಗಲಿ, ಈರುಳ್ಳಿ ಗಾಡಿಗಿಂತ ಮೊದಲು ಬೀದಿಗೆ ಬರುವುದು ಅದರ ದನಿ. ಗಾಡಿಯವನು ಬಾಯಿ ಮುಚ್ಚಿಕೊಂಡು ತೂಗುತ್ತಿರುತ್ತಾನೆ. ಕೂಗುವುದು ಗಾಡಿಗೆ ಕಟ್ಟಿದ ಮೈಕು. ಹಾಡಿದ್ದನ್ನೇ ಹಾಡುವ ಈ ಕಿಸಬಾಯಿ ದಾಸನ ಗಂಟಲು ಕಟ್ಟುವುದಿಲ್ಲ. ಗಾಡಿಯವನಿಗೆ ಅದೇ ದೊಡ್ಡ ಲಾಭ.

ಗುಂಡಿ ಒತ್ತಿ ಮಾತನಾಡಿದಾಗ ದನಿಯ ಅಲೆಯನ್ನು ಮೈಕು ವಿದ್ಯುತ್ತಿನ ಏರಿಳಿತವಾಗಿ ಬದಲಿಸುತ್ತದೆ. ಒಳಗಿನ ಚಿಪ್ಪು ಆ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಲ್ಲಿ ಬರೆದಿಡುತ್ತದೆ. ದೂರವಾಣಿ ಮಾತಿಗೆ ಇಂಥ 8,000 ಅಳತೆ ಸಾಕು, ಸಂಗೀತದ ಸಿ.ಡಿ.ಗೆ 44,100 ಬೇಕು. ಗುಂಡಿ ಬಿಟ್ಟರೆ ಬರವಣಿಗೆ ಮುಗಿಯಿತು. ಮುಂದೆ ಯಂತ್ರಕ್ಕೆ ಇರುವ ಆಜ್ಞೆ ಒಂದೇ: ಕೊನೆಯ ಅಂಕಿ ಮುಗಿದೊಡನೆ ಮೊದಲಿನದಕ್ಕೆ ಮರಳು.

ಅಂಕಿಗಳಿಗೂ ಮುಂಚೆ ಇದು ಕೈಕೆಲಸವಾಗಿತ್ತು. 1948ರಲ್ಲಿ ಪ್ಯಾರಿಸ್ಸಿನ ರೇಡಿಯೋದಲ್ಲಿದ್ದ ಪಿಯರ್ ಶೇಫರ್, ಗ್ರಾಮಫೋನ್ ತಟ್ಟೆಯ ಗೆರೆ ಒಳಕ್ಕೆ ಸಾಗದೆ ಒಂದೇ ಸುತ್ತಿನಲ್ಲಿ ಮುಚ್ಚಿಕೊಳ್ಳುವಂತೆ ಮಾಡಿ, ರೈಲಿನ ಸದ್ದನ್ನು ಮತ್ತೆಮತ್ತೆ ನುಡಿಸಿದರು. ಟೇಪು ಬಂದ ಮೇಲೆ ಅದರ ತುಂಡಿನ ಎರಡು ತುದಿ ಅಂಟಿಸಿ ಬಳೆ ಮಾಡುತ್ತಿದ್ದರು. ಬ್ಲೇಡನ್ನು ನೇರ ಇಡದೆ ಓರೆಯಾಗಿ ಇಡುತ್ತಿದ್ದರು. ಹಾಗೆ ಕತ್ತರಿಸಿದರೆ ಒಂದು ಸದ್ದು ಸರಿಯುತ್ತಿರುವಾಗಲೇ ಇನ್ನೊಂದು ಬರುತ್ತದೆ, ಬೆಸುಗೆ ಕಿವಿಗೆ ತಿಳಿಯುವುದಿಲ್ಲ.

ಕಷ್ಟವಿರುವುದು ಈ ಬೆಸುಗೆಯಲ್ಲಿಯೇ. ಅಲೆ ಏರಿದ್ದಾಗ ಕತ್ತರಿಸಿ, ಇಳಿದಿರುವ ತುದಿಗೆ ಜೋಡಿಸಿದರೆ ಪ್ರತಿ ಸುತ್ತಿಗೂ 'ಟಕ್' ಎನ್ನುತ್ತದೆ. ಆದ್ದರಿಂದ ಕಂಪ್ಯೂಟರಿನಲ್ಲಿ ಕತ್ತರಿಸುವವರು ಅಲೆಯು ಸೊನ್ನೆಯ ಗೆರೆ ದಾಟುವ ಜಾಗವನ್ನು ಹುಡುಕುತ್ತಾರೆ; ಇಲ್ಲವೇ ಸೆಕೆಂಡಿನ ಕೆಲವು ಸಾವಿರದ ಭಾಗದಷ್ಟು ಎರಡು ತುದಿಗಳನ್ನು ಒಂದರ ಮೇಲೊಂದು ತೇಲಿಸುತ್ತಾರೆ. ಓರೆ ಬ್ಲೇಡಿನ ಉಪಾಯವೇ ಇದು.

ಅಗ್ಗದ ಗಾಡಿ ಮೈಕಿಗೆ ಈ ಸೌಕರ್ಯವಿಲ್ಲ. ಅಲ್ಲಿ ಬೆರಳೇ ಕತ್ತರಿ. ತಡವಾಗಿ ಬಿಟ್ಟರೆ ಪಕ್ಕದಲ್ಲಿ ಬೊಗಳಿದ ನಾಯಿಯೂ ದಿನವಿಡೀ ವ್ಯಾಪಾರಕ್ಕೆ ಜೊತೆಯಾಗುತ್ತದೆ. ಬೇಗ ಬಿಟ್ಟರೆ ಇನ್ನೂ ಫಜೀತಿ: 'ನೂರು ರೂಪಾಯಿಗೆ ನಾಲ್ಕು' ಎಂಬಲ್ಲಿಗೇ ಮಾತು ತುಂಡಾಗಿ, ನಾಲ್ಕು ಕೆ.ಜಿ.ಯೋ ನಾಲ್ಕೂವರೆಯೋ ಎಂದು ಗಾಡಿಯ ಮುಂದೆ ವಾದ ಹತ್ತುತ್ತದೆ. ಮೊಬೈಲಿನಲ್ಲಿ ರೆಕಾರ್ಡು ಮಾಡಿದರೆ ಹಿಂದು ಮುಂದಿನ ತುದಿಗಳನ್ನು ಬೆರಳಲ್ಲೇ ಎಳೆದು ಕತ್ತರಿಸಬಹುದು. ಆದರೆ ಮಂಡಿಯಲ್ಲಿ ದರ ಏರಿದರೆ, ನಿನ್ನೆಯ ದರ ಕೂಗುವ ಮೈಕು ಗಾಡಿಯವನ ಗಂಟಿಗೇ ಕೈ ಹಾಕಿದಂತೆ. ಅದಕ್ಕೇ ಕೆಲವರು 'ಈರುಳ್ಳಿ, ಈರುಳ್ಳಿ' ಎಂದಷ್ಟೇ ಮೈಕಿಗೆ ಹೇಳಿಸಿ, ದರವನ್ನು ಬಾಯಲ್ಲಿ ಇಟ್ಟುಕೊಂಡಿರುತ್ತಾರೆ.